ಅನಿಲ ಹೈಡ್ರೇಟುಗಳ ಮೂಲಕ ಇಂಗಾಲದ ಡೈಆಕ್ಸೈಡಿನ ಬಂಧನ

ಶೈತ್ಯವೂ ಒತ್ತಡವೂ ತಕ್ಕ ಪ್ರಮಾಣದಲ್ಲಿ ಕೂಡಿಬಂದಾಗ ನೀರಿನ ಅಣುಗಳು ಕೆಲವು ಅನಿಲಗಳ ಅಣುಗಳನ್ನು ತಮ್ಮ ನಡುವೆ ಸೆರೆಹಿಡಿದು, ನೋಟಕ್ಕೆ ಮಂಜುಗಡ್ಡೆಯಂತಿದ್ದರೂ ರಚನೆಯಲ್ಲಿ ಅದಕ್ಕಿಂತ ಭಿನ್ನವಾದ ಸ್ಫಟಿಕಗಳಾಗಿ ಘನೀಭವಿಸುತ್ತವೆ. ಇವಕ್ಕೆ ಅನಿಲ ಹೈಡ್ರೇಟುಗಳೆಂದು ಹೆಸರು. ಎಲ್ಲ ಅನಿಲಗಳೂ ಒಂದೇ ಒತ್ತಡದಲ್ಲಿ ಈ ಸೆರೆಗೆ ಒಳಪಡುವುದಿಲ್ಲವಾದ್ದರಿಂದ, ಅನಿಲಮಿಶ್ರಣವೊಂದನ್ನು ನೀರಿನೊಡನೆ ಹೈಡ್ರೇಟಾಗಿಸಿದರೆ, ಸುಲಭವಾಗಿ ಸಿಕ್ಕುವ ಘಟಕದ ಬಹುಭಾಗ ಘನದೊಳಗೂ ಉಳಿದುದರ ಬಹುಭಾಗ ಅನಿಲರೂಪದಲ್ಲಿ ಹೊರಗೂ ನಿಲ್ಲುವುವು. ಅನಂತರ ಘನವನ್ನು ಬೇರ್ಪಡಿಸಿ ಕೊಂಚ ಕಾಯಿಸಿದರೆ, ಅಥವಾ ಒತ್ತಡವನ್ನು ಇಳಿಸಿದರೆ, ಸಿಕ್ಕಿದ್ದ ಅನಿಲವೂ ಅದನ್ನು ಹಿಡಿದಿದ್ದ ನೀರೂ ಬೇರೆಬೇರೆಯಾಗಿ ಮರಳಿ ದೊರೆಯುವುವು. ಕಲ್ಲಿದ್ದಲನ್ನು ಉರಿಸುವ ವಿದ್ಯುತ್ ಸ್ಥಾವರಗಳ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಈ ಉಪಾಯದಿಂದ ಪ್ರತ್ಯೇಕಿಸಬಹುದೆ ಎಂಬ ವಿಚಾರ ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬಲಗೊಂಡು, ಇಂದು ಅಮೆರಿಕ, ಕೆನಡ, ಕೊರಿಯ, ಜಪಾನ್, ಚೀನ, ಸಿಂಗಪುರ, ಭಾರತಗಳ ಪ್ರಯೋಗಶಾಲೆಗಳನ್ನು ವ್ಯಾಪಿಸಿದೆ. ತತ್ತ್ವದಲ್ಲಿ ದೋಷವಿಲ್ಲ. ಆದರೆ ಒತ್ತಡ ತಾನಾಗಿಯೇ ಒದಗಿರುವ ಸ್ಥಳದಲ್ಲಿ ಸಲೀಸಾಗಿ ನಡೆಯುವ ಈ ಕ್ರಿಯೆ, ಒತ್ತಡವನ್ನು ಬೆಲೆತೆತ್ತು ತರಬೇಕಾದ ಸ್ಥಳದಲ್ಲಿ ಎಡವುವುದೆಂಬುದನ್ನು ಮನಗಂಡ ಹೊರತು, ಇದರ ಬಗ್ಗೆ ಬಂದಿರುವ ಅಪಾರ ಸಾಹಿತ್ಯದಲ್ಲಿ ಸಾಧ್ಯವನ್ನೂ ಸಾಧುವನ್ನೂ ವಿಂಗಡಿಸುವುದು ಕಷ್ಟ.

ಹೈಡ್ರೇಟುಗಳ ಪರಿಚಯ ರಸಾಯನಶಾಸ್ತ್ರಕ್ಕೆ ಎರಡು ಶತಮಾನಗಳಷ್ಟು ಹಳೆಯದು. ತಣ್ಣಗೆ ಮಾಡಿದ ಕ್ಲೋರಿನ್ ಅನಿಲದಲ್ಲಿ ಕಾಣಿಸಿಕೊಳ್ಳುವ ಹಳದಿ ಹರಳುಗಳು ಶುದ್ಧ ಕ್ಲೋರಿನ್ನಿನ ಘನರೂಪವೆಂದು ಅದುವರೆಗೆ ನಂಬಿದ್ದುದನ್ನು 1810ರಲ್ಲಿ ಹಂಫ್ರಿ ಡೇವಿ ಅಲ್ಲಗಳೆದು, ಅವುಗಳಲ್ಲಿ ನೀರೂ ಉಂಟೆಂದು ತೋರಿಸಿದನು. ಅವನ ಶಿಷ್ಯ ಮೈಕೆಲ್ ಫ್ಯಾರಡೆ 1823ರಲ್ಲಿ ಆ ಹರಳುಗಳ ಘಟಕಪ್ರಮಾಣವನ್ನು ಗೊತ್ತುಮಾಡಿದುದಲ್ಲದೆ, ಅವನ್ನು ಬಾಯಿ ಮುಚ್ಚಿದ ಗಾಜಿನ ನಳಿಗೆಯಲ್ಲಿಟ್ಟು ಮೆಲ್ಲಗೆ ಕಾಯಿಸಿದಾಗ, ಬಿಡುಗಡೆಯಾದ ಕ್ಲೋರಿನ್ ತನ್ನ ಒತ್ತಡಕ್ಕೆ ತಾನೇ ಸಿಲುಕಿ ದ್ರವವಾಗುವುದನ್ನೂ ಕಂಡನು. ಹೈಡ್ರೇಟು ಅನಿಲವನ್ನು ಎಷ್ಟು ದಟ್ಟವಾಗಿ ತನ್ನೊಳಗೆ ಅಡಗಿಸಿಕೊಂಡಿರುತ್ತದೆಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನವನ್ನು ಇಂದಿನ ಉಪಕರಣಸಂಪನ್ನ ಪ್ರಯೋಗಶಾಲೆಗಳೂ ಕೊಟ್ಟಿಲ್ಲವೆನ್ನಬಹುದು. ಇಂಗಾಲದ ಡೈಆಕ್ಸೈಡಿನ ಹೈಡ್ರೇಟನ್ನು ಮೊದಲು ವರದಿಮಾಡಿದವನು ಪೋಲೆಂಡಿನ ಜಿಗ್ಮುಂಟ್ ವ್ರುಬ್ಲೆವ್ಸ್ಕಿ, 1882ರಲ್ಲಿ. ಮೀಥೇನ್ ಮುಂತಾದವುಗಳ ಹೈಡ್ರೇಟುಗಳನ್ನು ಫ್ರಾನ್ಸಿನ ಪಾಲ್ ವಿಲಾರ್ 1888ರಲ್ಲಿ ತಯಾರಿಸಿದನು.

ಅಲ್ಲಿಂದ ಮುಂದೆ ಸುಮಾರು ಅರ್ಧ ಶತಮಾನ ಈ ವಸ್ತುಗಳು ಪಂಡಿತರ ಕುತೂಹಲಕ್ಕೆ ಮಾತ್ರ ಮೀಸಲಾಗಿದ್ದವು. ಅಮೆರಿಕದ ನೈಸರ್ಗಿಕ ಅನಿಲದ ಕೊಳವೆಮಾರ್ಗಗಳನ್ನು ಚಳಿಗಾಲದಲ್ಲಿ ಕಟ್ಟಿಬಿಡುತ್ತಿದ್ದ ವಸ್ತು ಮಂಜುಗಡ್ಡೆಯಲ್ಲ, ನೀರು ಹೆಪ್ಪುಗಟ್ಟುವ ಉಷ್ಣತೆಗಿಂತ ಮೇಲೂ ಗಟ್ಟಿಯಾಗಿ ನಿಲ್ಲಬಲ್ಲ ಹೈಡ್ರೇಟೆಂದು ಹ್ಯಾಮರ್‌ಷ್ಮಿಟ್ 1934ರಲ್ಲಿ ನಿರೂಪಿಸಿದಾಗ, ಇವಕ್ಕೆ ಒಮ್ಮೆಗೇ ಔದ್ಯಮಿಕ ಮಹತ್ತ್ವ ಬಂದಿತು, ಅದೂ ಶತ್ರುವಿನ ಮಹತ್ತ್ವ. ಕೊಳವೆಗಳಲ್ಲಿ ಹೈಡ್ರೇಟು ಹುಟ್ಟದಂತೆ ಮೆಥನಾಲನ್ನೂ ಗ್ಲೈಕಾಲನ್ನೂ ಸುರಿಯುವುದೇ ಮುಂದಿನ ಹಲವು ದಶಕಗಳ ಉದ್ಯೋಗವಾಯಿತು. ಹೈಡ್ರೇಟನ್ನು ಬೇಕೆಂದು ಬೇಗನೆ ಹುಟ್ಟಿಸುವುದು ಹೇಗೆಂಬ ಇಂದಿನ ಸಂಶೋಧಕನ ತೊಡಕುಗಳಿಗೆ ಉತ್ತರವನ್ನು, ಅದನ್ನು ಹುಟ್ಟಿಸದಿರುವುದು ಹೇಗೆಂದು ತಲೆಕೆಡಿಸಿಕೊಂಡ ಈ ತೈಲೋದ್ಯಮದ ದಾಖಲೆಗಳಲ್ಲಿ ಎಷ್ಟೋ ಸಲ ಹುಡುಕಬೇಕಾಗಿ ಬಂದಿರುವುದು ವಿನೋದಕರವಾದ ಸಂಗತಿ.

ಹೈಡ್ರೇಟಿನ ಅಂತರ್ರಚನೆ ಕ್ಷ-ಕಿರಣಗಳ ನೆರವಿನಿಂದ 1950ರ ಆಸುಪಾಸಿನಲ್ಲಿ ಬೆಳಕಿಗೆ ಬಂದಿತು. ಜರ್ಮನಿಯ ಫಾನ್ ಸ್ಟಾಕೆಲ್‌ಬರ್ಗ್, ಅಮೆರಿಕದ ಕ್ಲಾಸೆನ್, ಲೈನಸ್ ಪೌಲಿಂಗ್ ಮೊದಲಾದವರ ಪರಿಶ್ರಮದಿಂದ ಸ್ಪಷ್ಟಪಟ್ಟ ಚಿತ್ರವಿದು: ನೀರಿನ ಅಣುಗಳು ಜಲಜನಕದ ಬಂಧಗಳಿಂದ ಒಂದಕ್ಕೊಂದು ಹೆಣೆದುಕೊಂಡು ಬಹುಮುಖಗಳುಳ್ಳ ಪಂಜರಗಳಾಗುತ್ತವೆ, ಪ್ರತಿ ಪಂಜರದಲ್ಲೂ ಸಾಮಾನ್ಯವಾಗಿ ಒಂದೇ ಅನಿಲಾಣು ನೆಲಸುತ್ತದೆ, ಪಂಜರಕ್ಕೂ ಅತಿಥಿಗೂ ರಾಸಾಯನಿಕ ಬಂಧವೇನೂ ಇಲ್ಲ, ಇರುವುದು ದುರ್ಬಲವಾದ ಭೌತಾಕರ್ಷಣೆ ಮಾತ್ರ, ಆದರೂ ಅತಿಥಿಯಿಲ್ಲದೆ ಪಂಜರ ನಿಲ್ಲಲಾರದು. ಮೊದಲನೆಯ ಬಗೆಯ ರಚನೆಯ ಒಂದು ಘಟಕದಲ್ಲಿ 46 ನೀರಿನ ಅಣುಗಳು ಸೇರಿ, ಹನ್ನೆರಡು ಪಂಚಭುಜಗಳ ಎರಡು ಚಿಕ್ಕ ಪಂಜರಗಳನ್ನೂ ಹನ್ನೆರಡು ಪಂಚಭುಜ ಮತ್ತು ಎರಡು ಷಡ್ಭುಜಗಳ ಆರು ದೊಡ್ಡ ಪಂಜರಗಳನ್ನೂ ನಿರ್ಮಿಸುತ್ತವೆ. ಎರಡನೆಯ ಬಗೆಯ ಘಟಕದಲ್ಲಿ 136 ನೀರಿನ ಅಣುಗಳೂ ಒಟ್ಟು 24 ಪಂಜರಗಳೂ ಇರುವುವು. ಇಂಗಾಲದ ಡೈಆಕ್ಸೈಡು ಮೊದಲನೆಯ ಬಗೆಯನ್ನು ಆಶ್ರಯಿಸುವುದು. ಅದರ ನೀಳವಾದ ಅಣುವಿಗೆ ದೊಡ್ಡ ಪಂಜರ ಹಿತವಾಗಿ ಒಪ್ಪುತ್ತದೆ, ಚಿಕ್ಕದು ಇಕ್ಕಟ್ಟು. ಎಲ್ಲ ಪಂಜರಗಳೂ ತುಂಬಿದರೆ ಒಂದು ಅನಿಲಾಣುವಿಗೆ 5.75 ನೀರಿನ ಅಣುಗಳು ಬೇಕು; ವಾಸ್ತವದಲ್ಲಿ ಕೆಲವು ಪಂಜರಗಳು ಬರಿದಾಗಿಯೇ ಉಳಿಯುವುದರಿಂದ ಈ ಸಂಖ್ಯೆ ಆರನ್ನು ಮುಟ್ಟುತ್ತದೆ, ಕೆಲವೊಮ್ಮೆ ದಾಟುತ್ತದೆ. ಯಾವ ಒತ್ತಡ ಮತ್ತು ಉಷ್ಣತೆಗಳಲ್ಲಿ ಯಾವ ಪಂಜರ ಎಷ್ಟರಮಟ್ಟಿಗೆ ತುಂಬುವುದೆಂದು ಲೆಕ್ಕಹಾಕುವ ಸಾಂಖ್ಯಿಕ ಸಿದ್ಧಾಂತವನ್ನು 1959ರಲ್ಲಿ ವಾನ್ ಡರ್ ವಾಲ್ಸ್ ಮತ್ತು ಪ್ಲಟೇವ್ ಎಂಬಿಬ್ಬರು ಡಚ್ ವಿಜ್ಞಾನಿಗಳು ಮಂಡಿಸಿದರು. ಇವರಲ್ಲಿ ಮೊದಲನೆಯವರು ನೊಬೆಲ್ ಪುರಸ್ಕಾರ ಪಡೆದ ಅದೇ ಹೆಸರಿನ ಹಿರಿಯ ವಿಜ್ಞಾನಿಯಲ್ಲವೆಂಬುದನ್ನು, ಪಠ್ಯಪುಸ್ತಕಗಳಲ್ಲಿ ಆಗಾಗ್ಗೆ ಇಣುಕುವ ಗೊಂದಲದ ದೃಷ್ಟಿಯಿಂದ, ಇಲ್ಲಿ ಹೇಳಿಡಬೇಕು.

ಪ್ರತ್ಯೇಕೀಕರಣದ ಸಾಧ್ಯತೆಯೆಲ್ಲ ಒತ್ತಡಗಳ ಅಂತರವನ್ನು ಅವಲಂಬಿಸಿದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಂಗಾಲದ ಡೈಆಕ್ಸೈಡು ಸುಮಾರು 12 ಬಾರ್ ಒತ್ತಡಕ್ಕೆ, ಎಂದರೆ ನಮ್ಮ ಸುತ್ತಣ ವಾಯುವಿನ ಒತ್ತಡದ ಹನ್ನೆರಡು ಮಡಿಗೆ, ಹೈಡ್ರೇಟಾಗಲು ಒಪ್ಪುತ್ತದೆ. ಮೀಥೇನಿಗೆ ಸುಮಾರು 26 ಬಾರ್ ಬೇಕು. ಸಾರಜನಕಕ್ಕೆ 160 ಬಾರ್ ಆಸುಪಾಸು. ಜಲಜನಕವಂತೂ ಸಾವಿರಾರು ಬಾರ್‌ಗಳಲ್ಲದೆ ತಾನೊಂದೇ ಪಂಜರದೊಳಗೆ ನಿಲ್ಲುವುದಿಲ್ಲ. ಹೊಗೆಯಲ್ಲಿರುವ ಪ್ರಧಾನ ಅನಿಲ ಸಾರಜನಕ, ಕಲ್ಲಿದ್ದಲಿನ ಅನಿಲೀಕರಣದಿಂದ ಬರುವ ಇಂಧನಾನಿಲದಲ್ಲಿರುವ ಪ್ರಧಾನ ಅನಿಲ ಜಲಜನಕ. ಎರಡೂ ಕಡೆ ನಮಗೆ ಬೇಕಾದ ಘಟಕವೇ ಎಲ್ಲರಿಗಿಂತ ಮೊದಲು ಸೆರೆಗೊಳ್ಳುವುದು ಪ್ರಕೃತಿಯ ಔದಾರ್ಯವೆನ್ನಬೇಕು. ಇದಕ್ಕೆ ಇನ್ನೊಂದು ಅನುಕೂಲವೂ ಸೇರಿದೆ. ಈಗ ಬಳಕೆಯಲ್ಲಿರುವ ಅಮೀನ್ ವಿಧಾನದಲ್ಲಿ (1930ರಲ್ಲಿ ಅಮೆರಿಕದಲ್ಲಿ ಬಾಟಮ್ಸ್ ಎಂಬುವನು ಪೇಟೆಂಟು ಪಡೆದ ಈ ವಿಧಾನವೇ ಇಂದಿಗೂ ಈ ಕ್ಷೇತ್ರದ ಯಜಮಾನ) ಅನಿಲವನ್ನು ಹೀರಿಕೊಂಡ ದ್ರಾವಣವನ್ನು ಸುಮಾರು 120 ಡಿಗ್ರಿಯವರೆಗೆ ಕಾಯಿಸಿ ಮರಳಿ ಶುದ್ಧಿಗೊಳಿಸಬೇಕು. ಸಾಂಪ್ರದಾಯಿಕ ಅಮೀನ್ ದ್ರಾವಣದಲ್ಲಿ ಟನ್ನು ಇಂಗಾಲದ ಡೈಆಕ್ಸೈಡಿಗೆ ಮೂರೂವರೆಯಿಂದ ನಾಲ್ಕು ಗಿಗಾಜೂಲುಗಳಷ್ಟು ಶಾಖ ಅದಕ್ಕೇ ಹೋಗುತ್ತದೆ. ಹೈಡ್ರೇಟನ್ನು ಕರಗಿಸಲು ಬೇಕಾದ ಶಾಖ ಇದರ ಅರ್ಧಕ್ಕೂ ಕಡಮೆ. ಅಷ್ಟೇ ಅಲ್ಲ, ಹತ್ತು ಹದಿನೈದು ಡಿಗ್ರಿಯ ಸಮುದ್ರದ ನೀರಿನಿಂದಲೂ ಅದನ್ನು ಪಡೆಯಬಹುದು. ಕರಗಿ ಬಂದ ಅನಿಲ ಸಾಕಷ್ಟು ಒತ್ತಡದಲ್ಲಿಯೇ ದೊರೆಯುವುದರಿಂದ ಮುಂದೆ ಕೊಳವೆಗಳಲ್ಲಿ ಸಾಗಿಸಲು ಸಂಪೀಡನದ ಶ್ರಮವೂ ಸ್ವಲ್ಪ ಉಳಿಯುವುದು. ಹೀರುವ ದ್ರವ್ಯ ಬರಿಯ ನೀರಾದುದರಿಂದ ವಿಷವಿಲ್ಲ, ವಿಘಟನೆಯಿಲ್ಲ, ಬೆಲೆಯೂ ಇಲ್ಲವೆನ್ನುವಷ್ಟು ಕಡಮೆ.

ಇಷ್ಟನ್ನು ಮಾತ್ರ ಓದಿದವನಿಗೆ, ಇಂಥ ಸುಗುಣಸಂಪನ್ನವಾದ ವಿಧಾನ ಏಕೆ ಇನ್ನೂ ಯಾವ ವಿದ್ಯುತ್ ಸ್ಥಾವರದಲ್ಲೂ ವಾಣಿಜ್ಯ ಪ್ರಮಾಣದಲ್ಲಿ ನಡೆಯುತ್ತಿಲ್ಲವೆಂಬ ಸಂಶಯ ಹುಟ್ಟುವುದು ಸಹಜ. ಉತ್ತರ ಚಿಮಣಿಯ ಬುಡದಲ್ಲಿದೆ. ಕಲ್ಲಿದ್ದಲ ಸ್ಥಾವರದ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡು ನೂರರಲ್ಲಿ 12ರಿಂದ 15 ಪಾಲು ಮಾತ್ರ. ಹೊಗೆಯ ಒತ್ತಡವಾದರೋ ಸಾಧಾರಣ ವಾಯುವಿನದೇ. ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ಪೀಟರ್ ಎಂಗ್ಲೆಜೋಸರೂ ಅವರ ಜತೆಗಿದ್ದ ಪ್ರವೀಣ ಲಿಂಗ, ರಜನೀಶ್ ಕುಮಾರ್ ಎಂಬ ಭಾರತೀಯರೂ 2007ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ನೂರರಲ್ಲಿ ಸುಮಾರು 17 ಪಾಲು ಇಂಗಾಲದ ಡೈಆಕ್ಸೈಡುಳ್ಳ ಹೊಗೆ ಸೊನ್ನೆ ಡಿಗ್ರಿಯ ಸನಿಹದಲ್ಲಿ ಹೈಡ್ರೇಟಾಗಲು 77 ಬಾರ್ ಒತ್ತಡವಾದರೂ ಬೇಕು. ಈ ಒತ್ತಡಕ್ಕೇರಿಸಬೇಕಾದುದು ನಮಗೆ ಬೇಕಾದ ಅನಿಲವನ್ನು ಮಾತ್ರವಲ್ಲ. ಅದರೊಡನೆ ಬೆರೆತಿರುವ, ನಮಗೆ ಬೇಡವಾದ, ಐದಾರು ಮಡಿ ಸಾರಜನಕವನ್ನೂ ಅಷ್ಟೇ ಶ್ರಮದಿಂದ ಹಿಂಡಬೇಕು. ಉಷ್ಣಗತಿಶಾಸ್ತ್ರದ ಕನಿಷ್ಠ ಲೆಕ್ಕದಲ್ಲಿಯೇ, ಯಾವ ನಷ್ಟವನ್ನೂ ಎಣಿಸದೆ, ಒಂದು ಟನ್ನು ಇಂಗಾಲದ ಡೈಆಕ್ಸೈಡುಳ್ಳ ಹೊಗೆಯನ್ನು ಹೀಗೆ ಹಿಂಡಲು ಸುಮಾರು 450 ಯೂನಿಟ್ಟು ವಿದ್ಯುತ್ತು ತಗಲುತ್ತದೆ. ಕಲ್ಲಿದ್ದಲ ಸ್ಥಾವರವೊಂದು ಅಷ್ಟು ಅನಿಲವನ್ನು ಹೊರಬಿಡುವ ಹೊತ್ತಿಗೆ ಉತ್ಪಾದಿಸುವುದೇ ಸುಮಾರು ಸಾವಿರ ಯೂನಿಟ್ಟು. ನಿಜವಾದ ಕಂಪ್ರೆಸರುಗಳ ನಷ್ಟವನ್ನು ಸೇರಿಸಿ, ಹೊರಹೋಗುವ ಸಾರಜನಕವನ್ನು ಟರ್ಬೈನಿನಲ್ಲಿ ಹಿಗ್ಗಿಸಿ ಮರಳಿ ಪಡೆಯಬಹುದಾದುದನ್ನು ಕಳೆದರೂ, ಸ್ಥಾವರದ ಆದಾಯದ ಬಹುದೊಡ್ಡ ಪಾಲು ಅದರ ಹೊಗೆಗೇ ಆಹುತಿಯಾಗುವುದು. ಅಮೀನಿನ ಕುದಿತೊಟ್ಟಿಯ ಎದುರಿಗೆ ಹೈಡ್ರೇಟು ಗಳಿಸಿದ್ದ ಮೇಲುಗೈಯೆಲ್ಲ ಈ ಒಂದೇ ಬಾಬತ್ತಿನಲ್ಲಿ ಮುಳುಗಿಹೋಗುತ್ತದೆ.

ಅನಿಲೀಕರಣ ಸ್ಥಾವರದ ಪರಿಸ್ಥಿತಿ ಬೇರೆ. ಅಲ್ಲಿ ಕಲ್ಲಿದ್ದಲನ್ನು ನೇರವಾಗಿ ಉರಿಸದೆ, ಆಮ್ಲಜನಕ ಮತ್ತು ಹಬೆಯೊಡನೆ ಒತ್ತಡದಲ್ಲಿ ಪ್ರತಿಕ್ರಿಯೆಗೊಳಪಡಿಸಿ ಇಂಧನಾನಿಲವಾಗಿ ಮಾರ್ಪಡಿಸುವುದರಿಂದ, ದಹನಕ್ಕೆ ಮುಂಚೆಯೇ ದೊರೆಯುವ ಮಿಶ್ರಣದಲ್ಲಿ ನೂರಕ್ಕೆ 40ರಷ್ಟು ಇಂಗಾಲದ ಡೈಆಕ್ಸೈಡೂ ಉಳಿದುದು ಬಹುಮಟ್ಟಿಗೆ ಜಲಜನಕವೂ ಇದ್ದು, ಅದೆಲ್ಲವೂ ಮೊದಲೇ ಹತ್ತಾರು ಬಾರ್ ಒತ್ತಡದಲ್ಲಿರುತ್ತದೆ. ಹೈಡ್ರೇಟಿಗೆ ಇದು ತವರುಮನೆ. ಈ ಸೂಕ್ಷ್ಮವನ್ನು ಮೊದಲೇ ಗ್ರಹಿಸಿದವನು ಅಮೆರಿಕದ ಡ್ವೇನ್ ಸ್ಪೆನ್ಸರ್. ತಣ್ಣೀರಿನಲ್ಲಿ ಹೈಡ್ರೇಟಿನ ಬೀಜಸ್ಫಟಿಕಗಳನ್ನು ಮೊದಲೇ ಸಿದ್ಧಗೊಳಿಸಿ, ಅದರೊಳಕ್ಕೆ ಒತ್ತಡದ ಇಂಧನಾನಿಲವನ್ನು ಹಾಯಿಸುವ ಕ್ರಮಕ್ಕೆ ಅವನು 1997ರಲ್ಲಿ ಪೇಟೆಂಟು ಪಡೆದನು. ಅಮೆರಿಕದ ಇಂಧನ ಇಲಾಖೆಯ ಧನಸಹಾಯದಿಂದ ಲಾಸ್ ಅಲಮೋಸ್ ಪ್ರಯೋಗಶಾಲೆಯೊಡಗೂಡಿ ಅದರ ಪರೀಕ್ಷೆಗಳೂ ನಡೆದವು. ಎಂಗ್ಲೆಜೋಸರ ಬಳಗದವರು, ಎರಡು ಹಂತದ ಹೈಡ್ರೇಟು ಕ್ರಿಯೆಯೊಡನೆ ಒಂದು ಪೊರೆಯ ಶೋಧಕವನ್ನು ಜೋಡಿಸಿದರೆ ಇಂಧನಾನಿಲದಿಂದ ನೂರಕ್ಕೆ 98ರಷ್ಟು ಶುದ್ಧವಾದ ಇಂಗಾಲದ ಡೈಆಕ್ಸೈಡನ್ನು ಪಡೆಯಬಹುದೆಂದು ಕಾಗದದ ಮೇಲೆ ತೋರಿಸಿಕೊಟ್ಟರು. ಆದರೆ ಇಂಥ ಅನಿಲೀಕರಣ ಸ್ಥಾವರಗಳೇ ತಮ್ಮ ಕಟ್ಟಡದ ವೆಚ್ಚದಿಂದಾಗಿ ಲೋಕದಲ್ಲಿ ವಿರಳವಾಗಿ ಉಳಿದವು. ಅತಿಥಿಗೆ ಹೊಂದುವ ಮನೆಯೇನೋ ಗೊತ್ತಾಯಿತು, ಮನೆಗಳನ್ನು ಕಟ್ಟುವವರಿಲ್ಲ.

ಹೀಗಾಗಿ ಸಂಶೋಧಕರ ಗಮನವೆಲ್ಲ ಒತ್ತಡವನ್ನು ಇಳಿಸಬಲ್ಲ ಸಹಾಯಕ ದ್ರವ್ಯಗಳ ಕಡೆಗೆ ಹರಿಯಿತು. ಟೆಟ್ರಾಹೈಡ್ರೋಫ್ಯೂರಾನ್ ಎಂಬ ದ್ರವ ತಾನೇ ಎರಡನೆಯ ಬಗೆಯ ಹೈಡ್ರೇಟಿನ ದೊಡ್ಡ ಪಂಜರಗಳನ್ನು ಹೊಕ್ಕು, ಸಾಧಾರಣ ಒತ್ತಡದಲ್ಲಿಯೇ, 4.4 ಡಿಗ್ರಿಯವರೆಗೂ ಘನವಾಗಿ ನಿಲ್ಲಬಲ್ಲದು. ಖಾಲಿ ಉಳಿದ ಚಿಕ್ಕ ಪಂಜರಗಳಿಗೆ ಅನಿಲ ಸೇರಿಕೊಳ್ಳುವುದು. ಕೊರಿಯದ ಕೈಸ್ಟ್ ಸಂಸ್ಥೆಯ ಕಾಂಗ್ ಮತ್ತು ಹ್ಯೂನ್ ಲೀ 2000ದಲ್ಲಿ ಇದನ್ನು ಬಳಸಿ, ಹೊಗೆಯಿಂದ ಹಂತಹಂತವಾಗಿ ನೂರಕ್ಕೆ 99ಕ್ಕೂ ಮೇಲ್ಪಟ್ಟು ಶುದ್ಧವಾದ ಇಂಗಾಲದ ಡೈಆಕ್ಸೈಡನ್ನು ಪಡೆಯಲು ಸಾಧ್ಯವೆಂದು ಸಾಧಿಸಿದ್ದು ಈ ವಿಷಯದಲ್ಲಿ ಒಂದು ಮೈಲಿಗಲ್ಲು. ನೀರಿನಲ್ಲಿ ಅಣುಗಳ ಲೆಕ್ಕದಲ್ಲಿ ನೂರಕ್ಕೊಂದು ಪಾಲು ಈ ದ್ರವವನ್ನು ಬೆರೆಸಿದರೆ ಸಾಕು, ಹೊಗೆ ಹೈಡ್ರೇಟಾಗುವ ಒತ್ತಡ ಹತ್ತರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಟೆಟ್ರಾಬ್ಯೂಟೈಲ್ ಅಮೋನಿಯಂ ಬ್ರೋಮೈಡ್ ಎಂಬ ಲವಣದ ವರ್ತನೆ ಇನ್ನೂ ವಿಚಿತ್ರ: ಅದರ ಬ್ರೋಮೈಡು ಅಯಾನು ನೀರಿನ ಅಣುಗಳ ಸಾಲಿನಲ್ಲಿಯೇ ನಿಂತು ಪಂಜರದ ಗೋಡೆಯ ಭಾಗವಾಗುತ್ತದೆ, ಉಳಿದ ಭಾಗ ಮುರಿದ ದೊಡ್ಡ ಪಂಜರಗಳಲ್ಲಿ ಕೈಚಾಚಿ ಕುಳಿತುಕೊಳ್ಳುತ್ತದೆ, ಸುಮಾರು 12 ಡಿಗ್ರಿಯವರೆಗೂ ಇದು ಸಾಧಾರಣ ಒತ್ತಡದಲ್ಲಿ ಕರಗದು. ಜಪಾನಿನಲ್ಲಿ ಕಟ್ಟಡಗಳನ್ನು ತಂಪಾಗಿಡಲು ಇದೇ ಲವಣದ ಹೈಡ್ರೇಟು ಸ್ಲರಿ ಬಳಕೆಗೆ ಬಂದಿದೆ. ಆದರೆ ಲಾಭದ ಹಿಂದೆ ನಷ್ಟವೂ ಇದೆ. ಸಹಾಯಕ ದ್ರವ್ಯ ದೊಡ್ಡ ಪಂಜರಗಳನ್ನು ಆಕ್ರಮಿಸಿದಷ್ಟೂ ಅನಿಲಕ್ಕೆ ಜಾಗ ಕಡಮೆಯಾಗುವುದು. ಟೆಟ್ರಾಹೈಡ್ರೋಫ್ಯೂರಾನ್ ಆವಿಯಾಗಿ ಹೊಗೆಯೊಡನೆ ಹಾರಿಹೋಗುವ, ಸುಲಭವಾಗಿ ಬೆಂಕಿ ಹಿಡಿಯುವ ದ್ರವ. ಬ್ರೋಮೈಡು ಲವಣವಾದರೋ ದುಬಾರಿ. ಬರಿಯ ನೀರಿನಿಂದ ಕೆಲಸ ನಡೆಯುವುದೆಂಬುದೇ ಈ ವಿಧಾನದ ಪರವಾಗಿ ಮೊದಲು ಮಂಡಿಸಿದ ವಾದವಾಗಿದ್ದುದನ್ನು ನೆನೆದರೆ, ನೀರಿಗೆ ಇಷ್ಟೆಲ್ಲ ಬೆರೆಸಿ ಗೆಲ್ಲುವ ಗೆಲವು ಅರ್ಧ ಗೆಲವೆಂದೇ ಈ ಲೇಖಕನ ಅಭಿಪ್ರಾಯ.

ವೇಗದ ಪ್ರಶ್ನೆ ಒತ್ತಡದ ಪ್ರಶ್ನೆಯಷ್ಟೇ ಹಠಮಾರಿಯಾದುದು. ಒತ್ತಡ, ಉಷ್ಣತೆಗಳೆಲ್ಲ ಅನುಕೂಲವಾಗಿದ್ದರೂ ಹೈಡ್ರೇಟಿನ ಮೊದಲ ಕಣ ಯಾವಾಗ ಹುಟ್ಟುವುದೆಂದು ಹೇಳಲಾಗದು. ಒಂದೇ ಪಾತ್ರೆಯಲ್ಲಿ, ಒಂದೇ ನೀರಿನಲ್ಲಿ, ಒಮ್ಮೆ ನಿಮಿಷಗಳಲ್ಲಿ ಆದುದು ಇನ್ನೊಮ್ಮೆ ಗಂಟೆಗಟ್ಟಲೆ ಕಾಯಿಸುವುದುಂಟು. ಹುಟ್ಟಿದ ಮೇಲೂ, ನೀರು ಅನಿಲವನ್ನು ಸಂಧಿಸುವ ಮೇಲ್ಮೈಯಲ್ಲಿ, ಕಾಯಿಸಿದ ಹಾಲಿನ ಮೇಲಣ ಕೆನೆಯಂತೆ ಹೈಡ್ರೇಟಿನ ತೆಳುಪೊರೆ ಕಟ್ಟಿಕೊಂಡು, ಕೆಳಗಿನ ನೀರಿಗೂ ಮೇಲಿನ ಅನಿಲಕ್ಕೂ ಸಂಪರ್ಕವನ್ನು ಕಡಿದುಹಾಕುವುದು. ಕಲಕುವುದರಿಂದ ಪೊರೆ ಒಡೆಯುವುದೇನೋ ಸರಿ, ಆದರೆ ದ್ರವ ಗಟ್ಟಿಯಾದಂತೆಲ್ಲ ಕಲಕುವ ಶ್ರಮವೂ ಹೆಚ್ಚುತ್ತದೆ. ಸಾಬೂನಿನ ಜಾತಿಗೆ ಸೇರಿದ ಸೋಡಿಯಂ ಡೊಡೆಸೈಲ್ ಸಲ್ಫೇಟನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ ಈಥೇನಿನ ಹೈಡ್ರೇಟು ಕಲಕದೆಯೇ ನೂರಾರು ಮಡಿ ವೇಗವಾಗಿ ಬೆಳೆಯುವುದೆಂದು ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾನಿಲಯದ ಜಾಂಗ್ ಮತ್ತು ರೋಜರ್ಸ್ 2000ದಲ್ಲಿ ಕಂಡುಹಿಡಿದರು. ಇಂಗಾಲದ ಡೈಆಕ್ಸೈಡಿನ ವಿಷಯದಲ್ಲಿ ಅದರ ಮಹಿಮೆ ಅಷ್ಟಿಲ್ಲ. ನೀರನ್ನು ಸಿಲಿಕಾ ಜೆಲ್ಲಿನ ಸೂಕ್ಷ್ಮರಂಧ್ರಗಳಲ್ಲಿ ಅಥವಾ ಮರಳಿನ ಹಾಸಿನಲ್ಲಿ ಹರಡಿ ಸಂಪರ್ಕದ ವಿಸ್ತಾರವನ್ನು ಹೆಚ್ಚಿಸುವ ಉಪಾಯಗಳೂ ಬಂದಿವೆ.

ಇದೆಲ್ಲದರ ಜತೆಗೆ ಪ್ರಮಾಣದ ವಿಚಾರವನ್ನು ಯಾರೂ ಮರೆಯುವಂತಿಲ್ಲ. ಹೈಡ್ರೇಟಿನ ತೂಕದಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ನೂರಕ್ಕೆ ಮೂವತ್ತನ್ನು ಮುಟ್ಟುವುದಿಲ್ಲ. ಒಂದು ಟನ್ನು ಅನಿಲಕ್ಕೆ ಎರಡೂವರೆ ಟನ್ನು ನೀರು ಗಟ್ಟಿಯಾಗಬೇಕು. 500 ಮೆಗಾವಾಟಿನ ಕಲ್ಲಿದ್ದಲ ಸ್ಥಾವರವೊಂದು ದಿನಕ್ಕೆ ಹೊರಹಾಕುವ ಇಂಗಾಲದ ಡೈಆಕ್ಸೈಡು ಹತ್ತಿರ ಹತ್ತಿರ ಹತ್ತು ಸಾವಿರ ಟನ್ನು. ದಿನವೂ ಇಪ್ಪತ್ತೈದು ಸಾವಿರ ಟನ್ನು ನೀರನ್ನು ಒತ್ತಡದ ಪಾತ್ರೆಗಳಲ್ಲಿ ಹೆಪ್ಪುಗಟ್ಟಿಸಿ, ಅದರಿಂದ ಹೊಮ್ಮುವ ಶಾಖವನ್ನು ಶೈತ್ಯಯಂತ್ರಗಳಿಂದ ತೆಗೆದು, ಮರಳಿ ಕರಗಿಸಿ, ಮರಳಿ ಹೆಪ್ಪುಗಟ್ಟಿಸಬೇಕು. ಪ್ರಯೋಗಶಾಲೆಯ ಪಾತ್ರೆಗಳು ಬಹುಮಟ್ಟಿಗೆ ಲೀಟರಿನ ಅಳತೆಯವು.

ಒತ್ತಡವೂ ಶೈತ್ಯವೂ ಬೆಲೆಯಿಲ್ಲದೆ ದೊರೆಯುವ ಸ್ಥಳ ಭೂಮಿಯ ಮೇಲೆ ಒಂದುಂಟು. ಅದು ಸಮುದ್ರದ ತಳ. ಅಲ್ಲಿ ಇಂಗಾಲದ ಡೈಆಕ್ಸೈಡಿನ ಹೈಡ್ರೇಟು ಮನುಷ್ಯನ ನೆರವಿಲ್ಲದೆಯೇ ಹುಟ್ಟುವುದು. ಜಪಾನಿನ ದಕ್ಷಿಣಕ್ಕಿರುವ ಓಕಿನಾವ ತಗ್ಗಿನಲ್ಲಿ, ಸುಮಾರು 1,300ರಿಂದ 1,550 ಮೀಟರು ಆಳದಲ್ಲಿ, ಸಮುದ್ರತಳದ ಬಿರುಕುಗಳಿಂದ ದ್ರವರೂಪದ ಇಂಗಾಲದ ಡೈಆಕ್ಸೈಡು ಗುಳ್ಳೆಗುಳ್ಳೆಯಾಗಿ ಏಳುತ್ತ, ತಣ್ಣೀರು ಸೋಕಿದೊಡನೆ ಹೈಡ್ರೇಟಿನ ಕವಚ ತೊಡುತ್ತಿದ್ದುದನ್ನು ಸಕಾಯಿ ಮತ್ತು ಸಂಗಡಿಗರು 1990ರಲ್ಲಿ ವರ್ಣಿಸಿದ್ದಾರೆ. ಇಂಗಾಲದ ಡೈಆಕ್ಸೈಡನ್ನು ಸಾಗರಗರ್ಭಕ್ಕೆ ಇಳಿಸಿಬಿಡುವ ಸಲಹೆಯನ್ನು ಇಟಲಿಯ ಚೆಸಾರೆ ಮಾರ್ಕೆಟ್ಟಿ 1977ರಲ್ಲೇ ಮುಂದಿಟ್ಟಿದ್ದನು. ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯ ಸಂಶೋಧನಾಲಯದ ಪೀಟರ್ ಬ್ರೂವರ್ ಮತ್ತು ಸಂಗಡಿಗರು 3,600 ಮೀಟರಿಗೂ ಮಿಗಿಲಾದ ಆಳದಲ್ಲಿ ಗಾಜಿನ ಬೀಕರಿಗೆ ದ್ರವ ಇಂಗಾಲದ ಡೈಆಕ್ಸೈಡನ್ನು ಸುರಿದು ನೋಡಿದಾಗ, ಹೈಡ್ರೇಟು ಹುಟ್ಟಿ ಉಬ್ಬಿ, ಮೇಲಿದ್ದ ದ್ರವವನ್ನು ಬೀಕರಿನ ಅಂಚಿನಾಚೆಗೆ ಚೆಲ್ಲಿತು. 1999ರಲ್ಲಿ ಪ್ರಕಟವಾದ ಈ ಪ್ರಯೋಗ ಬಹಳ ಹೆಸರು ಮಾಡಿತು. ಆದರೆ ಹೈಡ್ರೇಟಿನ ಕವಚ ಶಾಶ್ವತವಲ್ಲ. ಸುತ್ತಣ ಸಮುದ್ರದ ನೀರಿನಲ್ಲಿ ಇಂಗಾಲದ ಡೈಆಕ್ಸೈಡು ಪರ್ಯಾಪ್ತವಾಗಿಲ್ಲದಿರುವವರೆಗೆ ಅದು ನಿಧಾನವಾಗಿ ಕರಗುತ್ತಲೇ ಹೋಗಿ, ತಳದ ಜೀವಿಗಳ ಮೇಲೆ ಆಮ್ಲದ ಭಾರ ಹೊರಿಸುತ್ತದೆ. ಹವಾಯಿ ಮತ್ತು ನಾರ್ವೆಗಳಲ್ಲಿ ಯೋಜಿಸಿದ್ದ ದೊಡ್ಡ ಪರೀಕ್ಷೆಗಳು 2002ರ ಹೊತ್ತಿಗೆ ಪರಿಸರವಾದಿಗಳ ಪ್ರತಿಭಟನೆಯ ಮುಂದೆ ನಿಂತುಹೋದವು. ಕಡಲಿಗೆ ತ್ಯಾಜ್ಯ ಸುರಿಯುವುದನ್ನು ನಿರ್ಬಂಧಿಸುವ ಲಂಡನ್ ಪ್ರೋಟೋಕಾಲಿಗೆ 2006ರಲ್ಲಿ ಆದ ತಿದ್ದುಪಡಿ ಸಮುದ್ರತಳದ ಕೆಳಗಿನ ಶಿಲಾಸ್ತರಗಳಲ್ಲಿ ಹುಗಿಯಲು ಮಾತ್ರ ಅವಕಾಶ ಕೊಟ್ಟಿತು. ಅದೇ ವರ್ಷ ಹೌಸ್, ಶ್ರಾಗ್ ಮೊದಲಾದವರು, 3,000 ಮೀಟರಿಗೂ ಆಳವಾದ ಕಡಲಿನ ತಳದ ಕೆಸರಿನೊಳಗೆ ಇಂಗಾಲದ ಡೈಆಕ್ಸೈಡು ಸುತ್ತಣ ನೀರಿಗಿಂತ ಭಾರವಾಗಿ ಮೇಲೇಳಲಾರದೆಂದೂ, ಮೇಲಕ್ಕೆ ಸರಿದರೂ ಹೈಡ್ರೇಟಾಗಿ ತನ್ನ ದಾರಿಯನ್ನು ತಾನೇ ಮುಚ್ಚಿಕೊಳ್ಳುವುದೆಂದೂ ವಾದಿಸಿದರು.

ನಿಸರ್ಗದಲ್ಲಿ ಈಗಾಗಲೇ ಇರುವ ಮೀಥೇನ್ ಹೈಡ್ರೇಟಿನ ನಿಕ್ಷೇಪಕ್ಕೆ ಇಂಗಾಲದ ಡೈಆಕ್ಸೈಡನ್ನು ಊಡಿ, ಒಳಗಿನ ಮೀಥೇನನ್ನು ಹೊರಡಿಸಿ ಅದರ ಜಾಗದಲ್ಲಿ ಇದನ್ನು ಕೂರಿಸುವ ಯೋಚನೆ ಈ ಎಲ್ಲದರಲ್ಲಿ ಅತ್ಯಂತ ಆಕರ್ಷಕವಾದುದು. ಇಂಧನವೂ ಬಂತು, ಹೊಗೆಯೂ ಹೂತುಹೋಯಿತು. ಸಮಾನ ಉಷ್ಣತೆಯಲ್ಲಿ ಮೀಥೇನಿಗಿಂತ ಇಂಗಾಲದ ಡೈಆಕ್ಸೈಡಿನ ಹೈಡ್ರೇಟು ಹೆಚ್ಚು ಸ್ಥಿರವಾಗಿರುವುದರಿಂದ ವಿನಿಮಯ ತಾನಾಗಿ ನಡೆಯಬಲ್ಲದು. ಹ್ಯೂನ್ ಲೀ ಬಳಗದ 2006ರ ಪ್ರಯೋಗಗಳಲ್ಲಿ ಶುದ್ಧ ಇಂಗಾಲದ ಡೈಆಕ್ಸೈಡಿನಿಂದ ನೂರಕ್ಕೆ 64ರಷ್ಟು ಮೀಥೇನು ಹೊರಬಂದರೆ, ಸಾರಜನಕದೊಡನೆ ಬೆರೆಸಿದಾಗ 85ರಷ್ಟು ಬಂದಿತು. ಚಿಕ್ಕ ಪಂಜರಗಳಲ್ಲಿದ್ದ ಮೀಥೇನನ್ನು ಎಬ್ಬಿಸಲು ಸಾರಜನಕದ ಸಣ್ಣ ಅಣುವೇ ಬೇಕಾಯಿತು. ಚಿಮಣಿಯ ಬುಡದಲ್ಲಿ ಅಷ್ಟು ಉಪದ್ರವ ಕೊಟ್ಟ ಸಾರಜನಕ ಇಲ್ಲಿ ಉಪಕಾರಿಯಾದುದು ಗಮನಾರ್ಹ. ಅಲಾಸ್ಕದ ಉತ್ತರ ತೀರದ ಇಗ್ನಿಕ್ ಸಿಕುಮಿ ಬಾವಿಯಲ್ಲಿ, ಕನೋಕೊಫಿಲಿಪ್ಸ್ ಕಂಪನಿ, ಜಪಾನಿನ ಜೋಗ್ಮೆಕ್ ಸಂಸ್ಥೆ ಮತ್ತು ಅಮೆರಿಕದ ಇಂಧನ ಇಲಾಖೆ 2012ರಲ್ಲಿ ನಡೆಸಿದ ಕ್ಷೇತ್ರಪರೀಕ್ಷೆಯಲ್ಲಿಯೂ ನೂರಕ್ಕೆ 23 ಪಾಲು ಇಂಗಾಲದ ಡೈಆಕ್ಸೈಡನ್ನೂ 77 ಪಾಲು ಸಾರಜನಕವನ್ನೂ ಬೆರೆಸಿ ಊಡಿದರು. ಶುದ್ಧ ಇಂಗಾಲದ ಡೈಆಕ್ಸೈಡನ್ನೇ ಊಡಿದ್ದರೆ ಬಾವಿಯ ಸುತ್ತಲಿನ ಬಿಡಿನೀರು ಹೈಡ್ರೇಟಾಗಿ ಮರಳಿನ ರಂಧ್ರಗಳೆಲ್ಲ ಮುಚ್ಚಿಹೋಗುತ್ತಿದ್ದವು. ಮೀಥೇನು ಹೊರಬಂದಿತು, ಊಡಿದುದರಲ್ಲಿ ಇಂಗಾಲದ ಡೈಆಕ್ಸೈಡಿನ ಗಣನೀಯ ಭಾಗ ಒಳಗೆ ಉಳಿಯಿತು. ಆದರೆ ಹೊರಬಂದುದರಲ್ಲಿ ಎಷ್ಟು ವಿನಿಮಯದಿಂದ, ಎಷ್ಟು ಒತ್ತಡವಿಳಿದು ಹೈಡ್ರೇಟು ಒಡೆದುದರಿಂದ ಎಂದು ಬಿಡಿಸಿ ಹೇಳುವುದು ಸುಲಭವಾಗಿಲ್ಲ.

ಭಾರತಕ್ಕೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದುದು ಇದೇ ದಾರಿಯಿಂದ. 2006ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಹಡಗಿನಿಂದ ನಡೆದ ರಾಷ್ಟ್ರೀಯ ಅನಿಲ ಹೈಡ್ರೇಟು ಕಾರ್ಯಕ್ರಮದ ಮೊದಲ ಯಾತ್ರೆಯಲ್ಲಿ ಕೃಷ್ಣಾ-ಗೋದಾವರಿ ಕೊಳ್ಳದ ಒಂದು ಕಡೆ ಸುಮಾರು 130 ಮೀಟರು ದಪ್ಪದ ಮೀಥೇನ್ ಹೈಡ್ರೇಟಿನ ಪದರ ಸಿಕ್ಕಿತು. 2015ರಲ್ಲಿ ಜಪಾನಿನ ಚಿಕ್ಯು ಹಡಗಿನಿಂದ ಎರಡನೆಯ ಯಾತ್ರೆ ನಡೆಯಿತು. ಮೇಲೆ ಹೆಸರಿಸಿದ ಇಬ್ಬರು ಭಾರತೀಯರಲ್ಲಿ ಪ್ರವೀಣ ಲಿಂಗ ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾನಿಲಯದಲ್ಲಿ ನೆಲಸಿ, ಸಮುದ್ರತಳದ ಕೆಸರನ್ನು ಹೋಲುವ ಮರಳಿನಲ್ಲಿ ಇಂಗಾಲದ ಡೈಆಕ್ಸೈಡಿನ ಹೈಡ್ರೇಟು ಎಷ್ಟು ಕಾಲ ಸ್ಥಿರವಾಗಿ ನಿಲ್ಲುವುದೆಂಬ ಪರೀಕ್ಷೆಗಳ ಕಡೆಗೆ ಹೊರಳಿದ್ದಾರೆ; ರಜನೀಶ್ ಕುಮಾರ್ ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದ ಮೂಲಕ ಮದರಾಸಿನ ಐ.ಐ.ಟಿ.ಗೆ ಬಂದು, ಬಂಗಾಳ ಕೊಲ್ಲಿಯ ತಳವನ್ನು ಇದೇ ದೃಷ್ಟಿಯಿಂದ ನೋಡುತ್ತಿದ್ದಾರೆ. ಹೊಗೆಯನ್ನು ಹಿಂಡುವ ಲೆಕ್ಕದಿಂದ ಆರಂಭಿಸಿದ ಇಬ್ಬರೂ ಕಡಲಿನ ಆಳಕ್ಕೆ ತಿರುಗಿರುವುದು ಆಕಸ್ಮಿಕವಲ್ಲ.